ದೀಪ ಆರಿಸುವ ತಂತಿ

ನಮ್ಮ ಮನೆಯಲ್ಲಿ ದೇವರ ಖೋಲಿಗಿಂತ ಸರ್ವರ್ ಖೋಲಿ ದೊಡ್ಡದು ಎಂದು ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ಹಸಿ ಸುಳ್ಳು. ಎರಡೂ ಒಂದೇ ಖೋಲಿ. ಕೃಷ್ಣಾ ಹೊಳೆ ಒಮ್ಮೆ ಕೆಳಗಿನ ಮನೆಯನ್ನೆಲ್ಲ ತೊಳೆದು ಹೋದ ಮೇಲೆ ಅವ್ವ ದೇವರನ್ನು ಮಾಳಿಗೆಯ ಮೇಲಿನ ಖೋಲಿಗೆ ಏರಿಸಿದಳು, ನಾನು ನನ್ನ ಯಂತ್ರಗಳನ್ನು ಏರಿಸಿದೆ. ಒಂದು ಗೋಡೆ ಆಕೆಗೆ, ಎದುರು ಗೋಡೆ ನನಗೆ. ನಡುವೆ ಹೊಳೆಗೆ ಮುಖ ಮಾಡಿದ ಒಂದು ಕಿಟಕಿ, ಅದರ ಪಕ್ಕಕ್ಕೆ ದೀಪ ಇಡುವ ಮಾಡ. ಆ ಮಾಡದ ದೀಪದ ಬಗ್ಗೆ ಹೇಳಹೊರಟರೆ ಇವತ್ತಿಗೂ ನನ್ನ ಬೆರಳು ತಣ್ಣಗಾಗುತ್ತದೆ.

ಕಾಗವಾಡ ಸೀಮೆಯ ಹೊಳೆದಂಡೆಯ ಹಳ್ಳಿ ನಮ್ಮದು. ಕಬ್ಬು, ದ್ರಾಕ್ಷಿ, ಎಮ್ಮೆ. ಬಾಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ನಾನು ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಕಂಪ್ಯೂಟರ್ ನೋಡಿಕೊಳ್ಳುವ ನೌಕರ. ಕಾರ್ಖಾನೆಯವರು ಎಸೆದ ಹಳೆಯ ಕಂಪ್ಯೂಟರುಗಳಿಗೆ ಗುಜರಿಯವನಿಗಿಂತ ಮೊದಲು ನಾನು ಹೋಗಿ ನಿಲ್ಲುತ್ತಿದ್ದೆ. ಚಿಕ್ಕೋಡಿಯಲ್ಲಿ ಸೈಬರ್ ಕೆಫೆಯೊಂದು ಮುಚ್ಚಿದಾಗ ಅಲ್ಲಿನ ವೈರುಗಳನ್ನೆಲ್ಲ ಹೆಣ ಹೊತ್ತಂತೆ ಹೆಗಲ ಮೇಲೆ ಹೊತ್ತು ತಂದೆ. ಸರ್ವರ್ ಇಡುವ ಕಬ್ಬಿಣದ ಕಪಾಟು ಕೊಳ್ಳುವ ತಾಕತ್ತು ಇರಲಿಲ್ಲ; ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ ಅದರೊಳಗೆ ಯಂತ್ರಗಳನ್ನು ಕೂರಿಸಿದೆ. ವೈರುಗಳು ಹನಿ ನೀರಾವರಿಯ ಕರಿ ಪೈಪಿನಲ್ಲಿ ಓಡಿದವು. ಇಲಿ, ಜಿರಲೆ ಬಾರದಿರಲೆಂದು ಪ್ರತಿ ಕ್ರೇಟಿನಲ್ಲಿ ನಿಪ್ಪಾಣಿಯ ತಂಬಾಕಿನ ಎಲೆ. ಕರೆಂಟು ಹೋದರೆ ಟ್ರ್ಯಾಕ್ಟರಿನ ಎರಡು ಬ್ಯಾಟರಿ, ಅವುಗಳ ಹೊಟ್ಟೆ ತುಂಬಿಸಲು ಮಾಳಿಗೆಯ ಮೇಲೆ ಸೋಲಾರ್ ಹಲಗೆ. ತೋಟದ ಮೋಟಾರು, ಬಾಗಿಲು ಪಡಸಾಲೆಗಳ ಕ್ಯಾಮೆರಾ, ಮನೆಯ ಫೋಟೋ, ಊರಿನ ಭಜನೆಯ ರೆಕಾರ್ಡು ಎಲ್ಲ ಆ ಕ್ರೇಟುಗಳ ಹೊಟ್ಟೆಯಲ್ಲಿ. "ನನಗ ಸವತಿ ತಂದು ಮಾಳಿಗಿ ಮ್ಯಾಲ ಕುಂಡ್ರಿಸ್ಯಾರ" ಎಂದು ಹೆಂಡತಿ ನೀರಿಗೆ ಹೋದಲ್ಲೆಲ್ಲ ಹಾಡಿದಳು.

ನಮ್ಮ ಹಳ್ಳಿಗೆ ಬ್ರಾಡ್‌ಬ್ಯಾಂಡ್ ಬರಲಿಲ್ಲ, ಹತ್ತಿರದ ಐನಾಪುರಕ್ಕೆ ಬಂದಿತ್ತು. ಅಲ್ಲಿ ರಿಪೇರಿ ಕೆಲಸಕ್ಕೆಂದು ಒಂದು ಖೋಲಿ ಬಾಡಿಗೆ ಹಿಡಿದೆ. ಆ ಮಾಳಿಗೆಯ ಮೇಲೆ ಸಿಗ್ನಲ್ ಹಿಡಿಯುವ ಆಂಟೆನಾದ ಒಂದು ತಾಟು, ನಮ್ಮ ಮಾಳಿಗೆಯ ಮೇಲೊಂದು ತಾಟು. ಕಬ್ಬಿನ ಹೊಲಗಳ ಮೇಲಿಂದ ಅವೆರಡೂ ತಂತಿಯಿಲ್ಲದೆ ಮಾತಾಡಿಕೊಳ್ಳಬೇಕು. ನಮ್ಮ ತಾಟನ್ನು ಹಿಡಿದು ತಿರುಗಿಸಿದವನು ನನ್ನ ಕಾಕಾ, ಅಪ್ಪನ ತಮ್ಮ. ಅಪ್ಪ ಹೋದಾಗ ನಾನಿನ್ನೂ ಚಡ್ಡಿ ಹುಡುಗ. ಮದುವೆಯಾಗದೆ ನನ್ನನ್ನೂ ಅವ್ವನನ್ನೂ ಹೊಲವನ್ನೂ ಹಿಡಿದು ನಿಂತವನು ಅವನು.

"ಲೇ ತಮ್ಮಾ, ಇದರ ಮ್ಯಾಲ ಹಪ್ಪಳಾರ ಒಣಗಸೂಣೇನ?" ಎಂದು ಬಿಸಿಲಿನಲ್ಲಿ ಬೆವರುತ್ತ ಬೈದರೂ, ನಾನು ಐನಾಪುರದಿಂದ ಫೋನಿನಲ್ಲಿ "ಎಡಕ್ಕ, ಇನ್ನ ಜರಾ ಎಡಕ್ಕ" ಎಂದು ಕೂಗಿದಂತೆಲ್ಲ ತಿರುಗಿಸಿದ. ಕಾಕಾಗೆ ಕರೆಂಟು ಕಂಡರೆ ಪ್ರಾಣಭಯ. ಒಮ್ಮೆ ಬಾವಿಯ ಮೋಟಾರು ಹೊಡೆದು ಎಸೆದಿತ್ತು. ಆಮೇಲೆ ಯಾವ ಸ್ವಿಚ್ಚನ್ನೂ ಕೈಯಿಂದ ಮುಟ್ಟಿದವನಲ್ಲ. ಎತ್ತು ಹೊಡೆಯುವ ಬಾರಕೋಲಿನ ತುದಿಯಿಂದ ದೂರ ನಿಂತು ಒತ್ತುತ್ತಿದ್ದ. ನಾವು ನಗುತ್ತಿದ್ದೆವು.

ಈಗ ದೀಪಕ್ಕೆ ಬರುತ್ತೇನೆ. ಹೊಳೆ ಉಕ್ಕಿ ಹೊಸ್ತಿಲು ದಾಟಿದರೆ ನಮ್ಮ ಮನೆಯಲ್ಲಿ ದೀಪ ಆರಕೂಡದು. ಜನ ಬಿಟ್ಟು ಹೋದರೂ ಮನೆ ಕತ್ತಲಿರಬಾರದು. ಹೊಳೆವ್ವ ಮನೆಗೆ ಬಂದಾಗ ಬೆಳಕು ಕಂಡರೆ ಉಡಿ ತುಂಬಿಸಿಕೊಂಡು ಹೊರಟು ಹೋಗುತ್ತಾಳೆ, ಕತ್ತಲೆ ಕಂಡರೆ ಜೊತೆಗೊಬ್ಬರನ್ನು ಕರೆದೊಯ್ಯುತ್ತಾಳೆ. ದೀಪವನ್ನು ಆಕೆ ಆರಿಸುವುದೂ ಉಂಟಂತೆ. ಮೂರು ಸಲ ಆರಿಸಿದರೆ ಮೂರು ಸಲ ಹಚ್ಚಬಹುದು. ನಾಲ್ಕನೆಯ ಸಲ ಆರಿತೆಂದರೆ ಹಚ್ಚುವಂತಿಲ್ಲ, ಅಲ್ಲಿದ್ದವರು ಎದ್ದು ಆಕೆಯ ಜೊತೆ ಹೋಗಬೇಕು. ಹೋಗದಿದ್ದರೆ ಇಡೀ ಮನೆತನವೇ ಹೋಗುತ್ತದೆ. ನಮ್ಮ ಮುತ್ತಜ್ಜನ ಕಾಲಕ್ಕೆ ಸಣ್ಣ ಸೊಸೆಯೊಬ್ಬಳು ಹಾಗೇ ಎದ್ದು ಹೋದಳು ಎಂದು ಕಾಕಾ ಹೇಳುತ್ತಿದ್ದ. ಹೇಳುವಾಗ ದನಿ ಇಳಿಸುತ್ತಿದ್ದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಕಾಲ ಜಾರಿ ಬಿದ್ದಿರಬೇಕ ಪಾಪ, ಅದಕ್ಕೊಂದ ಕತಿ ಕಟ್ಟೀರಿ" ಎನ್ನುತ್ತಿದ್ದೆ.

ಎರಡು ಸಾವಿರದ ಐದರ ಮಹಾಪೂರದಲ್ಲಿ ನಾನು ನನ್ನ ಮೊದಲ ಕಂಪ್ಯೂಟರನ್ನು ತಲೆಯ ಮೇಲೆ ಹೊತ್ತು ಊರಾಚೆ ದಾಟುತ್ತಿದ್ದೆ. ಹಿಂದೆ ಬರುತ್ತಿದ್ದ ಅವ್ವ ಇಲ್ಲ! ನೋಡಿದರೆ ಸೊಂಟದ ಮಟ್ಟದ ನೀರಿನಲ್ಲಿ ಮನೆಗೆ ವಾಪಸ್ಸು ಹೋಗಿದ್ದಾಳೆ, ದೀಪ ಹಚ್ಚಲು. ಕಾಕಾ ಹಗ್ಗ ಕಟ್ಟಿಕೊಂಡು ಹೋಗಿ ಎಳೆದು ತಂದ. ನಾನು ಬಾಯಿಗೆ ಬಂದಂತೆ ಬೈದೆ. ಅವ್ವ ಸೀರೆ ಹಿಂಡಿಕೊಳ್ಳುತ್ತ, "ನಿನ್ನ ಡಬ್ಬಿ ನೀ ಉಳಿಸಿಕೊಂಡಿ, ನನ್ನ ಮಂದೀನ್ನ ನಾ ಉಳಿಸಿಕೊಂಡ್ನಿ" ಎಂದಳು. ಆಮೇಲೆ ಜ್ವರ ಹಿಡಿದು ಸಾವಿನ ಬಾಗಿಲು ತಟ್ಟಿ ಬಂದಳು.

ಇನ್ನೊಮ್ಮೆ ಹೀಗಾಗಬಾರದೆಂದು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ನಾನೊಂದು ಉಪಾಯ ಮಾಡಿದೆ. ಮೇಲಿನ ಖೋಲಿ ಕಟ್ಟಿಸಿದಾಗ ಮಾಡದಲ್ಲಿ ಒಂದು ಸಣ್ಣ ಬಲ್ಬು ಕೂರಿಸಿ ಅದನ್ನು ಸರ್ವರಿಗೆ ಜೋಡಿಸಿದೆ. ಮೆಟ್ಟಿಲ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ ಇರುತ್ತದಲ್ಲ, ಹಾಗೆಯೇ: ಒಂದು ಗೋಡೆಯ ಸ್ವಿಚ್, ಇನ್ನೊಂದು ಸರ್ವರಿನೊಳಗೆ. ಸರ್ವರಿನಿಂದ ಹಚ್ಚಲು ಒಂದು ತಂತಿ, ಆರಿಸಲು ಇನ್ನೊಂದು; ನಾನು ಐನಾಪುರದಲ್ಲಿ ಕೂತು ಹಚ್ಚಬಹುದು, ಆರಿಸಬಹುದು. ದೀಪ ಉರಿಯುತ್ತಿದೆಯೋ ಇಲ್ಲವೋ ಎಂದು ಪರದೆಯ ಮೇಲೆ ನೋಡಬಹುದು. ಅವ್ವ ಎರಡು ದಿನ ಯೋಚಿಸಿ, ಕ್ರೇಟಿಗೆ ಒಂದು ಹಸಿರು ಬಳೆ ಕಟ್ಟಿ, ಒಪ್ಪಿಕೊಂಡಳು. ದೇವರ ಮುಂದೆ ಕ್ಯಾಮೆರಾ ಮಾತ್ರ ಬೇಡ ಎಂದಳು. ಕಾಕಾ ಒಪ್ಪಲಿಲ್ಲ. "ಎಣ್ಣಿ ಇಲ್ಲ, ಬತ್ತಿ ಇಲ್ಲ, ಇದೆಂಥಾ ದೀಪಲೇ? ಆಕಿಗೆ ತಿಳಿಯೂದಿಲ್ಲೇನ?" ಎಂದು ಬಾರಕೋಲು ತಗೊಂಡು ಎದ್ದು ಹೋದ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಹೊಳೆ ಮತ್ತೆ ಬಂತು. ಕರೆಂಟು ಮೊದಲೇ ತೆಗೆದಿದ್ದರು. ಕಾಕಾ ಎಮ್ಮೆಗಳನ್ನು ಹೊಡೆದುಕೊಂಡು ಮಂಗಸೂಳಿಯ ಸಂಬಂಧಿಕರ ಕಡೆ ನಡೆದ. ನಾನು, ಅವ್ವ, ಹೆಂಡತಿ ಟ್ರ್ಯಾಕ್ಟರ್ ಹತ್ತಿ ಐನಾಪುರದ ಬಾಡಿಗೆ ಖೋಲಿ ಸೇರಿದೆವು. ಸಂಜೆ ಪರದೆಯ ಮುಂದೆ ಕೂತು ನೋಡಿದರೆ, ಮಾಳಿಗೆಯ ತಾಟು ಜೀವಂತವಾಗಿತ್ತು! ನಾನು ಇಲ್ಲಿಂದ "ಇದ್ದೀಯಾ?" ಎಂದು ಸಂಕೇತ ಕಳಿಸಿದರೆ, ಖಾಲಿ ಮನೆ ಅಲ್ಲಿಂದ "ಇದ್ದೇನೆ" ಎನ್ನುತ್ತಿತ್ತು. ಮಾಡದ ದೀಪ ಹಚ್ಚಿದೆ. ಹತ್ತಿತು. ಅವ್ವ ಪರದೆಗೇ ಕೈಮುಗಿದಳು.

ಕೆಳಗಿನ ಪಡಸಾಲೆಯ ಕ್ಯಾಮೆರಾ ಇನ್ನೂ ನೋಡುತ್ತಿತ್ತು. ಬಾಗಿಲ ಸಂದಿಯಿಂದ ನೀರು ಒಳಗೆ ಬಂದದ್ದು ಕಂಡಿತು. ಅವಸರವಿಲ್ಲ, ಸದ್ದಿಲ್ಲ, ಗೊತ್ತಿದ್ದ ಮನೆಗೆ ಬಂದ ನೆಂಟರಂತೆ ಮೊದಲು ಪಡಸಾಲೆ, ಆಮೇಲೆ ಅಡುಗೆಮನೆ. ಅವ್ವನ ಹಿತ್ತಾಳೆ ಕೊಡ ತೇಲಿಕೊಂಡು ಕ್ಯಾಮೆರಾದ ಮುಂದೆ ಬಂದು, ಅಲ್ಲೇ ಸ್ವಲ್ಪ ಹೊತ್ತು ತಿರುಗಿ, ಕತ್ತಲಿಗೆ ಹೋಯಿತು. ಕಂದು ನೀರು ಕಣ್ಣಿನ ಮಟ್ಟಕ್ಕೆ ಏರಿತು. ಆಮೇಲೆ ಕಪ್ಪು. ನನ್ನ ಹೆಂಡತಿ, ಆ ಯಂತ್ರಗಳಿಗೆ ದಿನಾ ಶಾಪ ಹಾಕುವವಳು, ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು. ನಮ್ಮ ಮನೆ ಮುಳುಗುವುದನ್ನು ನಾವೇ ಕೂತು ನೋಡಿದ್ದೆವು.

ಮರುದಿನವೆಲ್ಲ ಹಗಲೂ ಕತ್ತಲೆಯಂತಿತ್ತು, ದೀಪ ಆರಿಸಲಿಲ್ಲ. ಅದರ ಮರುದಿನ ಬೆಳಿಗ್ಗೆ ಮನೆಯ ಬ್ಯಾಟರಿ ನೋಡಿದರೆ ಇಳಿಯುತ್ತಿದೆ, ಬಿಸಿಲಿಲ್ಲದೆ ಸೋಲಾರು ಸತ್ತಂತಿದೆ. ಹಗಲಿಗೆ ದೀಪ ಯಾಕೆ, ರಾತ್ರಿಗೆ ಉಳಿಯಲಿ ಎಂದು ಆರಿಸಿದೆ. ಚಹಾ ತಗೊಂಡು ಬಂದು ನೋಡಿದರೆ ದೀಪ ಉರಿಯುತ್ತಿದೆ.

ನಾನೇ ಮರೆತೆನೇನೋ ಎಂದು ಮತ್ತೆ ಆರಿಸಿದೆ. ಈ ಸಲ ಕಣ್ಣು ಕದಲಿಸಲಿಲ್ಲ. ಪರದೆಯ ಮೇಲಿನ ಸಣ್ಣ ಗುರುತು ಕಪ್ಪಾಗಿಯೇ ಇತ್ತು, ಕಪ್ಪಾಗಿಯೇ ಇತ್ತು. ಆಮೇಲೆ ಹಳದಿಯಾಯಿತು. ನನ್ನ ಕೈ ಗುಂಡಿಯ ಹತ್ತಿರವೂ ಇರಲಿಲ್ಲ. ಸರ್ವರು ಬರೆದುಕೊಂಡದ್ದು ಒಂದೇ ಮಾತು: ಗೋಡೆಯ ಸ್ವಿಚ್ಚಿನಿಂದ ಹತ್ತಿದೆ.

"ಅವ್ವಾ, ದೀಪ ತನ್ನಿಂತಾನ ಹತ್ತಾಕತ್ತೈತಿ" ಎಂದೆ.

ಅವ್ವ ಹೆದರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಮುಖದಲ್ಲಿ ಒಂಥರಾ ನೆಮ್ಮದಿ. "ಹೊಳೆವ್ವ ಬಂದು ಕುಂತಾಳ. ಇನ್ನ ಮುಟ್ಟಬ್ಯಾಡ ನನ್ನಪ್ಪಾ. ಆಕಿ ಇದ್ದಾಗ ದೀಪ ಆರಸಬಾರದು" ಎಂದಳು.

"ಹೊಳೆವ್ವನೂ ಇಲ್ಲ, ಸುಡಗಾಡೂ ಇಲ್ಲ. ಸ್ವಿಚ್ಚಿನ್ಯಾಗ ನೀರ ಹೊಕ್ಕೈತಿ" ಎಂದು ರೇಗಿದೆ. ಆದರೆ ನೀರು ಮೇಲಿನ ಖೋಲಿ ತನಕ ಏರಿದ್ದರೆ ಸರ್ವರು ಮಾತಾಡುವುದೆಂತು? ಹಟ ಬಿಡಲಿಲ್ಲ, ಮೂರನೆಯ ಸಲ ಆರಿಸಿದೆ. ಈ ಸಲ ಬಹಳ ಹೊತ್ತು ಏನೂ ಆಗಲಿಲ್ಲ. ಹೆಂಡತಿ ನನ್ನ ಭುಜ ಹಿಡಿದು ನಿಂತಿದ್ದಳು, ಅವಳ ಉಗುರು ಚುಚ್ಚುತ್ತಿತ್ತು. ನಾನು "ನೋಡು, ನೀರೇ" ಎನ್ನುವಷ್ಟರಲ್ಲಿ ದೀಪ ಹತ್ತಿತು.

ಹೊರಗೆ ಮಳೆ ಬೀಳುತ್ತಲೇ ಇತ್ತು. ಹೆಂಡತಿ ಕೇಳಿದಳು. "ಏನ್ರೀ, ಕಾಕಾ ಮಂಗಸೂಳಿ ಮುಟ್ಟ್ಯಾರಂತ ನಿಮಗ ಯಾರ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಅವನ ಫೋನು ಬಂದ್ ಆಗಿತ್ತು, ಆ ದಿನಗಳಲ್ಲಿ ಯಾರ ಫೋನು ಸರಿ ಇತ್ತು? ಎಷ್ಟೋ ಪ್ರಯತ್ನದ ಮೇಲೆ ಮಂಗಸೂಳಿಯ ಸಂಬಂಧಿಕರ ಫೋನು ಹತ್ತಿತು. "ಕಾಕಾ? ಎಮ್ಮಿ ಕಟ್ಟಿ ಅವತ್ತ ಹೊಳ್ಳಿ ಹೋದ್ರಲ್ರಿ. ಒಂದ ಬಾಟ್ಲಿ ಎಣ್ಣಿ ಇಸಗೊಂಡ ಹೋದ್ರು. ನಿಮ್ಮ ಕೂಡ ಇಲ್ಲೇನ್ರಿ?"

ಎಣ್ಣೆ ಇಲ್ಲದ ದೀಪ ದೀಪವಲ್ಲ ಎಂದವನು ಎಣ್ಣೆ ತಗೊಂಡು ಮುಳುಗುವ ಮನೆಗೆ ಹೋಗಿದ್ದ. ಆದರೂ ಒಂದು ಅನುಮಾನ ನನ್ನನ್ನು ಬಿಡಲಿಲ್ಲ: ಸ್ವಿಚ್ ಮುಟ್ಟುವವನಲ್ಲ ಕಾಕಾ. ಬಾರಕೋಲು ಎಮ್ಮೆಗಳ ಜೊತೆ ಮಂಗಸೂಳಿಯಲ್ಲೇ ಉಳಿದಿದೆ ಎಂದು ಅವರೇ ಹೇಳಿದ್ದರು. ಹಾಗಾದರೆ ಮೇಲಿನ ಖೋಲಿಯಲ್ಲಿ ದೀಪ ಹಚ್ಚುತ್ತಿರುವ ಬೆರಳು ಯಾರದು?

ಓಡಿದೆ. ನೀರಿನ ಅಂಚಿನಲ್ಲಿ ಬೋಟು ಇತ್ತು. ಜನರನ್ನು ತರುವ ಕೆಲಸಕ್ಕೆ ನಿಂತ ಅಂಬಿಗ, ಗಟ್ಟಿ ಆಳು. "ಅಣ್ಣಾರ, ಆ ಓಣಿ ಖಾಲಿ ಆಗೈತಿ. ಸೆಳವು ಭಾಳ ಐತಿ. ಬಲ್ಬ್ ಹತ್ತತು ಅಂತ ನಾಕ ಮಂದಿ ಜೀವಾ ಅಡಾ ಇಡ್ಲೇನ?" ಎಂದ. ನಾನು ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ, "ಆತು, ನನ್ನ ಎದರಿಗೆ ಆರಸ್ರಿ. ತಿರುಗಿ ಹತ್ತಿದ್ರ ಬೋಟ ತಗೀತೀನಿ" ಎಂದು ನಮ್ಮ ಖೋಲಿಗೆ ಬಂದ.

ಆ ಖೋಲಿಯ ಸ್ಥಿತಿಯನ್ನೂ ಹೇಳಬೇಕು. ಓಣಿಯಲ್ಲಿ ಕರೆಂಟಿರಲಿಲ್ಲ, ನನ್ನದೊಂದೇ ಇನ್ವರ್ಟರು. ನೆರೆ ಬಂದು ಊರು ಬಿಟ್ಟವರು, ಓಣಿಯವರು, ಅವರ ಬೀಗರು, ಎಲ್ಲರೂ ತಮ್ಮ ಫೋನು ತಂದು ಚುಚ್ಚಿದ್ದರು. ಸಂತೆಯಲ್ಲಿ ಮೀನು ಹರವಿದಂತೆ ನೆಲದ ತುಂಬ ಫೋನು. ಬ್ಯಾಡ್ರಿ, ಬ್ಯಾಡ್ರಿ ಎಂದು ನಾನು ಒದರಿ ಸಾಕಾಗಿತ್ತು. "ಹತ್ತ ಮಿನಿಟ ಅಷ್ಟರಿ" ಎನ್ನುವರು, ಚುಚ್ಚುವರು, ಹೋಗುವರು.

ಅಂಬಿಗ ನನ್ನ ಹಿಂದೆ ನಿಂತ. ಅವ್ವ "ಬ್ಯಾಡೋ ತಮ್ಮಾ, ಇದು ನಾಕನೇದು" ಎಂದಳು. ನಾನು ಕೇಳಲಿಲ್ಲ. ದೀಪ ಆರಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಬೇಕು, ಅಷ್ಟೇ. ಇನ್ವರ್ಟರು ಒಮ್ಮೆ ಉದ್ದಕ್ಕೆ ಕಿರುಚಿತು. ಪರದೆ ಕಪ್ಪಾಯಿತು. ನಮ್ಮ ತಾಟೂ ಸತ್ತಿತು. ನೆಲದ ಮೇಲಿನ ಅಷ್ಟೂ ಫೋನುಗಳು ಒಟ್ಟಿಗೆ ಒಮ್ಮೆ ಮಿನುಗಿ ತಣ್ಣಗಾದವು.

ನನ್ನ ಬಾಯಲ್ಲಿ ಬಂದ ಬೈಗುಳವನ್ನು ಇಲ್ಲಿ ಬರೆಯಲಾರೆ. ಫೋನುಗಳನ್ನು ಕಿತ್ತು ಕಿತ್ತು ಬಾಗಿಲಾಚೆ ಎಸೆದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡೆ. ಅಂಬಿಗ ಹೊರಡಲು ತಿರುಗಿದ. ಆಗ ಅವ್ವ ಎದ್ದಳು. ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ, ಅವನನ್ನು ದಾಟಿ, ಮಳೆಯಲ್ಲಿ ನೀರಿನ ಕಡೆಗೆ ನಡೆದಳು.

"ಯವ್ವಾ, ಎಲ್ಲಿಗೆ ಹೊಂಟೀರಿ?" ಅಂಬಿಗ ಕೂಗಿದ.

"ಮನಿಗಿ. ಅಲ್ಲಿ ನನ್ನ ಮೈದುನ ಅದಾನ. ಹಿಂದಕ ನನಗ ಹಗ್ಗಾ ಹಾಕಿ ಎಳದ ತಂದಾಂವ ಅಂವಾ. ನೀ ನಿನ್ನ ಜೀವಾ ಕಾಯ್ಕೋ."

ಅವಳು ನಿಲ್ಲುವವಳಲ್ಲ ಎಂಬುದು ಅವನಿಗೂ ತಿಳಿಯಿತು. "ಏ, ಹತ್ರೀ ಬೋಟ!" ಎಂದು ನನ್ನ ಮೇಲೆ ಗದರಿದ. ಅವ್ವನನ್ನು ದಂಡೆಯಲ್ಲೇ ಹೆಂಡತಿಯ ಕೈಗೆ ಒಪ್ಪಿಸಿ ಹತ್ತಿದೆ.

ನೀರಿನ ಮೇಲಿಂದ ನಮ್ಮೂರನ್ನು ಗುರುತು ಹಿಡಿಯಲಾಗಲಿಲ್ಲ. ಗಿಡದ ತುದಿ, ಮಾಳಿಗೆಯ ಅಂಚು, ಎಲ್ಲೋ ಒಂದು ಬೆಕ್ಕಿನ ದನಿ. ಬೋಟಿನವರು ಎಂಜಿನ್ ತಗ್ಗಿಸಿದಾಗ ಊರಿಗೆ ಊರೇ ಉಸಿರು ಹಿಡಿದು ಕೂತಂತಿತ್ತು. ನಮ್ಮ ಓಣಿಯ ಕೊನೆಗೆ ತಿರುಗಿದೆವು. ಆ ಬೂದು ಹಗಲಿನಲ್ಲಿ, ಸತ್ತ ಮನೆಗಳ ಸಾಲಿನಲ್ಲಿ, ನಮ್ಮ ಮೇಲಿನ ಕಿಟಕಿಯೊಂದೇ ಹಳದಿಯಾಗಿ ಉರಿಯುತ್ತಿತ್ತು. ಅಂಬಿಗ ಹುಟ್ಟು ಕೆಳಗಿಟ್ಟು ಕೈಮುಗಿದ. ನಾನೂ ಮುಗಿದೆ, ಯಾರಿಗೆಂದು ಗೊತ್ತಿಲ್ಲದೆ.

ಮಾಳಿಗೆಯ ಮೇಲೆ ಇಳಿದು ಬಾಗಿಲು ತಳ್ಳಿದೆ. ಕ್ರೇಟುಗಳ ಫ್ಯಾನುಗಳು ತಣ್ಣಗೆ ತಿರುಗುತ್ತಿದ್ದವು, ತಂಬಾಕಿನ ವಾಸನೆ. ಮಾಡದಲ್ಲಿ ಬಲ್ಬಿನ ಪಕ್ಕ ಎಣ್ಣೆ ತೀರಿದ ಹಣತೆ. ಕಾಕಾನ ರುಮಾಲು ಮಡಿಚಿ ದೇವರ ಮುಂದೆ ಇಡಲಾಗಿತ್ತು. ಕಾಕಾ ಅಲ್ಲಿರಲಿಲ್ಲ.

ಕೆಳಗಿಳಿಯುವ ಮೆಟ್ಟಿಲ ಮೇಲೆ ಇದ್ದ. ಸೊಂಟದ ತನಕ ನೀರಿನಲ್ಲಿ ಕೂತಿದ್ದ, ಬೆನ್ನು ನಮ್ಮ ಕಡೆಗೆ. ಕತ್ತು ಮಾತ್ರ ಹೊರಳಿಸಿ ಗೋಡೆಯ ಮೇಲೆ ಬಿದ್ದ ಬೆಳಕನ್ನೇ ನೋಡುತ್ತಿದ್ದ. "ಕಾಕಾ" ಎಂದೆ. ಕೇಳಲಿಲ್ಲ. ಅವನು ನೀರಿನ ಜೊತೆ ಮಾತಾಡುತ್ತಿದ್ದ. ಮನೆಗೆ ಬಂದ ಮಗಳ ಜೊತೆ ಮಾತಾಡುವಷ್ಟು ಮೆತ್ತಗೆ.

"ತಯಾರಾಗಿ ಕುಂತೀನಿ ತಾಯಿ. ಇನ್ನೊಂದ ಸಲಾ ಆರಸು. ಬಂದಬಿಡ್ತೀನಿ. ಹುಡುಗನ ಸಂಸಾರ ಮಾತ್ರ ಮುಟ್ಟಬ್ಯಾಡ."

ಹಿಂದಿನಿಂದ ಹೋಗಿ ಎರಡೂ ಕೈಯಿಂದ ಅವನನ್ನು ತಬ್ಬಿ ಎಳೆದೆ. ಬಲಗೈಯ ತೋರುಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದ. ಕರೆಂಟಿಗೆ ಅಷ್ಟು ಅಂಜುವವನು, ಒದ್ದೆ ಕೈಯಿಂದ, ಬರಿ ಬೆರಳಿನಿಂದ, ಮೂರು ಸಲ ಆ ಸ್ವಿಚ್ ಒತ್ತಿದ್ದ. ಮೂರನೆಯ ಸಲ ತಡವಾದದ್ದು ಯಾಕೆಂದು ಆಗ ತಿಳಿಯಿತು: ಅದೇ ಕೊನೆಯ ಅವಕಾಶ, ರುಮಾಲು ಮಡಿಚಿಟ್ಟು ಹೊರಡಲು ತಯಾರಾಗಿ ಆಮೇಲೆ ಒತ್ತಿದ್ದ. ನಾನು ಐನಾಪುರದಲ್ಲಿ ಚಹಾ ಕುಡಿಯುತ್ತ ಆಡಿದ ಆಟಕ್ಕೆ ಅವನು ಇಲ್ಲಿ ಸಾವಿನ ಲೆಕ್ಕ ಹಾಕುತ್ತ ಕೂತಿದ್ದ. ಮಕ್ಕಳ ಹಾಗೆ ಗೊಳೋ ಎಂದು ಅತ್ತುಬಿಟ್ಟೆ.

ಕಾಕಾ ಚೇತರಿಸಿಕೊಳ್ಳಲು ಸುಮಾರು ದಿನ ಹಿಡಿಯಿತು. ಅವತ್ತು ರಾತ್ರಿ, ಕ್ಯಾಮೆರಾ ಮುಳುಗಿದ ಮೇಲೆ, ಈಜಿ ಬಂದು ಹಿತ್ತಲ ಗಿಡ ಹಿಡಿದು ಮಾಳಿಗೆ ಏರಿದ್ದನಂತೆ. ಮಾತು ನೆಟ್ಟಗಾದ ಮೇಲೆ ಎಲ್ಲ ಬಿಡಿಸಿ ಹೇಳಿದೆ. ದೀಪ ಆರಿಸಿದ್ದು ನಾನು, ಸರ್ವರು, ತಾಟು, ಬ್ಯಾಟರಿ. ಅವನು ಎಲೆ ಅಡಿಕೆ ಮೆಲ್ಲುತ್ತ ಎಲ್ಲ ಕೇಳಿದ.

"ಖರೇ ಇರಬಹುದಲೇ" ಎಂದ ಕಡೆಗೆ. "ಮೂರ ಸಲಾ ನೀನ ಆರಿಸಿರಬಹುದು. ನಾಕನೇ ಸಲಾ ಯಾಕ ಆರಸಲಿಲ್ಲ?"

"ಬ್ಯಾಟ್ರಿ ಮುಗೀತು ಕಾಕಾ. ಎಲ್ಲಾರೂ ಫೋನ್ ಚುಚ್ಚಿದ್ರು."

"ಹಾಂ." ಎದ್ದು ಪಿಚಕ್ಕನೆ ಉಗುಳಿ ಬಂದು ಕೂತ. "ಮುಗಿಸಿದವ್ರು ಯಾರು?"

ನಾನು ಎದ್ದು ಮೇಲಿನ ಖೋಲಿಗೆ ಹೋಗಿ, ಕ್ರೇಟುಗಳ ಹಿಂದೆ ಕೈ ಹಾಕಿ, ಆರಿಸುವ ತಂತಿಯನ್ನು ಹುಡುಕಿ ಕತ್ತರಿಸಿದೆ. ಈಗ ಯಂತ್ರಗಳೆಲ್ಲ ಹೊಸವು, ಕ್ರೇಟು ಹೋಗಿ ಕಬ್ಬಿಣದ ಕಪಾಟು ಬಂದಿದೆ. ಆದರೆ ಸರ್ವರಿನಿಂದ ಆ ದೀಪವನ್ನು ಹಚ್ಚಬಹುದೇ ಹೊರತು ಆರಿಸಲಿಕ್ಕೆ ಬರುವುದಿಲ್ಲ. ಆರಿಸಬೇಕೆಂದರೆ ಮನುಷ್ಯ ಮೆಟ್ಟಿಲು ಹತ್ತಿ ಹೋಗಿ, ಒಳಗೆ ಯಾರಿದ್ದಾರೆಂದು ನೋಡಿ, ಕೈಯಿಂದ ಆರಿಸಬೇಕು.